ಕಲ್ಯಾಣದ ಬಾಗಿಲು: ಚಾಮರಾಜನಗರ ಸೀಮೆಯ ಕಥನಗಳಲ್ಲಿ ಭ್ರಷ್ಟತೆ ಮತ್ತು ನಂಬಿಕೆಯ ಪ್ರಶ್ನೆ

1

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಭೀಮನಬೀಡು ಎಂಬ ಊರಿದೆ. ‘ಬೀಡು’ ಎಂದರೆ ಬಿಡಾರ, ತಂಗುದಾಣ. ಶಾಸನಗಳಲ್ಲಿ ಬರುವ ‘ನೆಲೆವೀಡು’ ಎಂಬ ಶಬ್ದವು ಅರಸನು ನೆಲೆಸಿ ರಾಜ್ಯವಾಳುವ ಸ್ಥಳವನ್ನು ಸೂಚಿಸುತ್ತದೆ. ದೊರೆ ಬೀಡುಬಿಟ್ಟ ಕಡೆಗೆ ಅಹವಾಲು ಹೊತ್ತು ಹೋಗುವುದು, ನ್ಯಾಯ ಕೇಳುವುದು, ನ್ಯಾಯ ಸಿಗದಿದ್ದರೆ ಶಪಿಸುವುದು ಹಳೆಯ ಕಾಲದ ರಾಜ್ಯಕ್ಕೂ ಪ್ರಜೆಗೂ ಇದ್ದ ಸಂಬಂಧದ ಒಂದು ರೂಪ. ಇಂದು ಇದೇ ಊರಿನ ರೈತನು ಪಹಣಿಗಾಗಿ, ಪಿಂಚಣಿಗಾಗಿ, ಪೋಡಿಗಾಗಿ ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಗೆ ಅಥವಾ ಚಾಮರಾಜನಗರದ ಜಿಲ್ಲಾ ಕಚೇರಿಗೆ ಹೋಗುತ್ತಾನೆ. ಬೀಡು ಹೋಗಿ ಕಚೇರಿ ಬಂದಿದೆ. ದೊರೆ ಹೋಗಿ ಸಂಸ್ಥೆ ಬಂದಿದೆ. ಆದರೆ ಹೋಗುವವನ ಮನಸ್ಸಿನಲ್ಲಿರುವ ನಂಬಿಕೆಯೂ ದೊರೆಯಿಂದ ಸಂಸ್ಥೆಗೆ ವರ್ಗಾವಣೆಯಾಗಿದೆಯೇ ಎಂಬುದು ಈ ಲೇಖನದ ಮೂಲ ಪ್ರಶ್ನೆ.

ಈ ಪ್ರಶ್ನೆಯನ್ನು ಚಾಮರಾಜನಗರ ಸೀಮೆಯಲ್ಲಿ ನಿಂತು ಕೇಳುವುದಕ್ಕೆ ವಿಶೇಷ ಕಾರಣವಿದೆ. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಈ ಪ್ರದೇಶದ ಕೇಂದ್ರಸ್ಥಳಕ್ಕೆ ಭೇಟಿ ಕೊಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆಂಬ ನಂಬಿಕೆ ರಾಜ್ಯದ ರಾಜಕೀಯ ವಲಯದಲ್ಲಿ ದೀರ್ಘಕಾಲ ಪ್ರಚಲಿತವಾಗಿತ್ತು. ಹಲವು ಮುಖ್ಯಮಂತ್ರಿಗಳು ಆ ಪಟ್ಟಣದತ್ತ ಸುಳಿಯಲಿಲ್ಲ. ಸಿದ್ದರಾಮಯ್ಯನವರು 2013ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಹಲವು ಬಾರಿ ಅಲ್ಲಿಗೆ ಹೋಗಿ, 2018ರಲ್ಲಿ ಪೂರ್ಣಾವಧಿ ಮುಗಿಸಿದ್ದು ಆ ನಂಬಿಕೆಗೆ ದೊರೆತ ಸ್ಪಷ್ಟ ಉತ್ತರ. ಪ್ರಜೆಗಳು ಸರ್ಕಾರವನ್ನು ನಂಬುತ್ತಾರೆಯೇ ಎಂದು ವಿದ್ವಾಂಸರು ಕೇಳುತ್ತ ಬಂದಿದ್ದಾರೆ. ಸರ್ಕಾರವೇ ತನ್ನ ಪ್ರಜೆಗಳಿರುವ ನೆಲವನ್ನು ಅಂಜಿಕೆಯಿಂದ ನೋಡಿದ ಈ ಪ್ರಸಂಗವು ಆ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ.

ಭ್ರಷ್ಟತೆಯಿಂದ ಸಾರ್ವಜನಿಕ ಸಂಸ್ಥೆಗಳ ಮೇಲಿನ ವಿಶ್ವಾಸ ಕುಸಿಯುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಕುಸಿದ ವಿಶ್ವಾಸವು ಎಲ್ಲಿಗೆ ಹೋಗುತ್ತದೆ ಎಂಬುದರ ವಿಚಾರ ಅಷ್ಟಾಗಿ ನಡೆದಿಲ್ಲ. ಈ ಸೀಮೆಯ ಮೌಖಿಕ ಕಾವ್ಯಗಳು, ಆಧುನಿಕ ಕನ್ನಡದ ಎರಡು ಕಥನಗಳು ಹಾಗೂ ಕರ್ನಾಟಕ ಲೋಕಾಯುಕ್ತ ಸಂಸ್ಥೆಯ ಚರಿತ್ರೆ, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ನಂಬಿಕೆ ನಾಶವಾಗುವುದಿಲ್ಲ, ಸಂಸ್ಥೆಯಿಂದ ವ್ಯಕ್ತಿಗೆ ಸ್ಥಳಾಂತರಗೊಳ್ಳುತ್ತದೆ. ಮೇಲ್ನೋಟಕ್ಕೆ ಪರಿಹಾರದಂತೆ ಕಾಣುವ ಈ ಸ್ಥಳಾಂತರವೇ ಸಂಸ್ಥೆಯನ್ನು ಮತ್ತಷ್ಟು ದುರ್ಬಲಗೊಳಿಸುತ್ತದೆ ಎಂಬುದು ಇಲ್ಲಿ ಮಂಡಿಸಲಾಗುವ ವಿಚಾರ.

2

ಮೊದಲಿಗೆ ಭಾಷೆಯ ಸಾಕ್ಷ್ಯವನ್ನು ಗಮನಿಸಬಹುದು. ‘ಭ್ರಷ್ಟ’ ಎಂಬ ಸಂಸ್ಕೃತ ಪದಕ್ಕೆ ಬಿದ್ದ, ಜಾರಿದ ಎಂಬ ಅರ್ಥವಿದೆ. ಸ್ಥಾನಭ್ರಷ್ಟ, ವ್ರತಭ್ರಷ್ಟ ಎಂಬ ಸಮಾಸಗಳಲ್ಲಿ ಯಾವುದರಿಂದ ಜಾರಿದ್ದು ಎಂಬುದೂ ಸೇರಿಯೇ ಇರುತ್ತದೆ. ಅಂದರೆ ಭ್ರಷ್ಟತೆಯ ಕಲ್ಪನೆಗೆ ಮೊದಲು ಒಂದು ಎತ್ತರ ಇರಬೇಕು. ಎತ್ತರವೇ ಇಲ್ಲದ ಕಡೆ ಕ್ರೌರ್ಯ ಇರಬಹುದು, ಭ್ರಷ್ಟತೆ ಇರಲಾರದು.

ಆಡುಮಾತಿನ ‘ಮಾಮೂಲು’ ಇದಕ್ಕೆ ತದ್ವಿರುದ್ಧವಾದ ದಿಕ್ಕಿನದು. ಅರಬ್ಬೀ ಮೂಲದಿಂದ ಆಡಳಿತದ ಭಾಷೆಯ ಮೂಲಕ ಕನ್ನಡಕ್ಕೆ ಬಂದ ಈ ಪದಕ್ಕೆ ರೂಢಿಯಲ್ಲಿರುವುದು, ಎಂದಿನಂತೆ ನಡೆಯುವುದು ಎಂಬ ಅರ್ಥ. ಅದೇ ಪದ ಕಚೇರಿಗಳಲ್ಲೂ ಪೊಲೀಸ್ ಠಾಣೆಗಳಲ್ಲೂ ತಪ್ಪದೆ ಸಲ್ಲಬೇಕಾದ ಲಂಚದ ಹೆಸರಾಯಿತು. ‘ಹೇಗಿದ್ದೀರಿ’ ಎಂದರೆ ‘ಮಾಮೂಲು’ ಎನ್ನುತ್ತೇವೆ. ‘ಎಷ್ಟು ಕೊಡಬೇಕು’ ಎಂದರೂ ‘ಮಾಮೂಲು’ ಎನ್ನುತ್ತೇವೆ. ಒಂದು ಸಮಾಜವು ತಪ್ಪಿಗೂ ಸಹಜಸ್ಥಿತಿಗೂ ಒಂದೇ ಪದವನ್ನು ಬಳಸತೊಡಗಿದಾಗ, ಜಾರಿದ್ದೆಲ್ಲಿಂದ ಎಂಬ ನೆನಪು ಅಳಿಸಿಹೋಗಿರುತ್ತದೆ. ‘ಭ್ರಷ್ಟಾಚಾರ’ ಎಂಬ ಪದ ಪತ್ರಿಕೆಯಲ್ಲಿ, ವೇದಿಕೆಯಲ್ಲಿ ಉಳಿದಿದೆ. ವ್ಯವಹಾರದಲ್ಲಿ ಉಳಿದಿರುವುದು ‘ಮಾಮೂಲು’. ಒಂದು ಆದರ್ಶವನ್ನು ನೆನಪಿಸುತ್ತದೆ, ಇನ್ನೊಂದು ಆದರ್ಶವನ್ನು ಮರೆಸುತ್ತದೆ.

‘ಲಂಚ’ ಎಂಬ ಪದ ಹನ್ನೆರಡನೆಯ ಶತಮಾನದ ವಚನಗಳಷ್ಟು ಹಳೆಯದು. ಶರಣರ ಮನೆಯಂಗಳ ಗುಡಿಸುವ ಕಾಯಕದ ಸತ್ಯಕ್ಕನ ವಚನವೊಂದರಲ್ಲಿ, ಲಂಚಕ್ಕೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟುವುದಿಲ್ಲ ಎಂಬ ಪ್ರತಿಜ್ಞೆ ಬರುತ್ತದೆ. ಈ ಪ್ರತಿಜ್ಞೆ ಮಾಡುವವಳು ಮಂತ್ರಿಯಲ್ಲ, ಭಂಡಾರಿಯಲ್ಲ, ಅಂಗಳ ಗುಡಿಸುವವಳು. ಲಂಚ ಕೊಡಲು ಯಾರೂ ಅವಳ ಬಾಗಿಲಿಗೆ ಬರುವ ಸಂಭವ ಕಡಿಮೆ. ಹಾಗಿದ್ದರೂ ಆ ಮಾತು ಅವಳಿಗೆ ಅಗತ್ಯವೆನಿಸಿದೆ. ಸಂಸ್ಥೆಯೊಂದರ ಶುದ್ಧಿಯು ಮೇಲಿನವರ ಗುಣದಿಂದ ಮಾತ್ರ ನಿಲ್ಲುವಂಥದಲ್ಲ, ಅಂಗಳದಿಂದಲೇ ಆರಂಭವಾಗಬೇಕಾದದ್ದು ಎಂಬ ಅರಿವು ಅಲ್ಲಿದೆ.

3

ಬಸವಣ್ಣನ ಚರಿತ್ರೆಯನ್ನು ಹೇಳುವ ಕಾವ್ಯ-ಪುರಾಣಗಳಲ್ಲಿ ಹಣಕಾಸಿನ ಆಪಾದನೆಯ ಪ್ರಸಂಗವೊಂದಿದೆ. ಬಿಜ್ಜಳನ ಭಂಡಾರದ ಹಣವನ್ನು ಜಂಗಮ ದಾಸೋಹಕ್ಕೆ ಸುರಿಯುತ್ತಿದ್ದಾನೆಂದು ವಿರೋಧಿಗಳು ದೂರುತ್ತಾರೆ; ಭಂಡಾರವನ್ನು ತೆಗೆದು ಲೆಕ್ಕ ನೋಡಿದಾಗ ಹಣ ಇದ್ದಂತೆಯೇ ಇರುತ್ತದೆ. ಈ ಪ್ರಸಂಗದಲ್ಲಿ ಸಾರ್ವಜನಿಕ ಹಣ, ಅದರ ಮೇಲ್ವಿಚಾರಕ, ದೂರು, ತನಿಖೆ, ನಿರ್ಣಯ ಎಲ್ಲವೂ ಇವೆ. ಆದರೆ ಇಲ್ಲಿ ಸಂಶಯವು ಒಬ್ಬ ವ್ಯಕ್ತಿಯ ಮೇಲಿನದು. ಪರಿಹಾರವೂ ಆ ವ್ಯಕ್ತಿಯ ಭಕ್ತಿಯ ಮಹಿಮೆಯಿಂದ ಬರುವಂಥದು. ಭಂಡಾರ ತುಂಬಿದ್ದರೆ ಭಂಡಾರಿ ಶುದ್ಧ, ಭಂಡಾರಿ ಶುದ್ಧನಾದರೆ ವ್ಯವಸ್ಥೆ ಶುದ್ಧ ಎಂಬುದು ಲಿಖಿತ ಪರಂಪರೆಯ ತರ್ಕ.

ಅದೇ ಕಲ್ಯಾಣವನ್ನು ಮಂಟೇಸ್ವಾಮಿ ಕಾವ್ಯ ಬೇರೆಯದೇ ಆದ ಕಣ್ಣಿನಿಂದ ನೋಡುತ್ತದೆ. ಚಾಮರಾಜನಗರ, ಮಂಡ್ಯ, ಮೈಸೂರು ಸೀಮೆಗಳಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಈ ಕಾವ್ಯದ ಮೊದಲ ಭಾಗ ಕಲ್ಯಾಣದ ಪರೀಕ್ಷೆ. ಗಾಯಕರಿಂದ ಗಾಯಕರಿಗೆ ವಿವರಗಳು ಬೇರೆಯಾದರೂ ಕಥೆಯ ಹಂದರ ಒಂದೇ. ಬಸವಣ್ಣನ ಕಲ್ಯಾಣದಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ನಿತ್ಯ ದಾಸೋಹ ನಡೆಯುತ್ತಿದೆ. ‘ಧರೆಗೆ ದೊಡ್ಡವರು’ ಎನಿಸಿದ ಮಂಟೇಸ್ವಾಮಿ ವಿಕಾರ ರೂಪ ತೊಟ್ಟು, ಹೆಂಡ ಮಾಂಸಗಳ ನಾತದೊಡನೆ ಅಲ್ಲಿಗೆ ಬರುತ್ತಾರೆ. ಬಾಗಿಲಲ್ಲಿದ್ದವರು ಅವರನ್ನು ಒಳಗೆ ಬಿಡುವುದಿಲ್ಲ. ಕೊನೆಗೆ ಬಸವಣ್ಣ, ನೀಲಮ್ಮ ಅವರನ್ನು ಗುರುತಿಸಿ ಬರಮಾಡಿಕೊಳ್ಳುವಾಗ, ಅಷ್ಟು ದಿನ ಉಂಡ ಜಂಗಮ ಸಮೂಹ ನಾತಕ್ಕೆ ಹೇಸಿ ಚದುರಿಹೋಗುತ್ತದೆ.

ಈ ಭಾಗವನ್ನು ವಿಮರ್ಶಕರು ಹೆಚ್ಚಾಗಿ ಜಾತಿವ್ಯವಸ್ಥೆಯ ಪ್ರತಿರೋಧವಾಗಿ, ಶರಣ ಚಳವಳಿಯ ತಳಸಮುದಾಯದ ಮರುವ್ಯಾಖ್ಯಾನವಾಗಿ ಓದಿದ್ದಾರೆ. ಆ ಓದು ಸರಿಯಾದದ್ದೇ. ಅದರ ಜೊತೆಗೆ, ಸಂಸ್ಥೆಯೊಂದರ ಅವನತಿಯ ಸೂಕ್ಷ್ಮ ವಿಶ್ಲೇಷಣೆಯಾಗಿಯೂ ಇದನ್ನು ಓದಲು ಸಾಧ್ಯವಿದೆ. ಕಾವ್ಯವು ಬಸವಣ್ಣನನ್ನು ಕಳ್ಳನೆನ್ನುವುದಿಲ್ಲ. ಭಂಡಾರದಿಂದ ಒಂದು ಹೊನ್ನೂ ಕಳವಾಗಿಲ್ಲ. ಅಲ್ಲಿ ನಡೆದಿರುವ ಭ್ರಷ್ಟತೆ ಎರಡು ಕಡೆ ಇದೆ. ಮೊದಲನೆಯದು ಪಂಕ್ತಿಯಲ್ಲಿ: ದಾಸೋಹದ ತತ್ವಕ್ಕಾಗಿ ಅಲ್ಲದೆ ದಾಸೋಹದ ಊಟಕ್ಕಾಗಿ ವೇಷ ತೊಟ್ಟವರು ಸೇರಿಕೊಂಡಿದ್ದಾರೆ. ಎರಡನೆಯದು ಬಾಗಿಲಲ್ಲಿ: ಯಾರಿಗಾಗಿ ಆ ಮನೆ ಕಟ್ಟಲ್ಪಟ್ಟಿತೋ ಅಂಥವನೇ ಬಂದಾಗ ಬಾಗಿಲು ತೆರೆಯುವುದಿಲ್ಲ. ಲೆಕ್ಕಪತ್ರ ಸರಿಯಾಗಿದ್ದೂ ಸಂಸ್ಥೆ ಭ್ರಷ್ಟವಾಗಬಲ್ಲದು ಎಂಬ ಈ ಒಳನೋಟ ಲಿಖಿತ ಪರಂಪರೆಯಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಸಿಗುವುದಿಲ್ಲ. ಫಲಾನುಭವಿಗಳ ಪಟ್ಟಿಯಲ್ಲಿ ಅನರ್ಹರಿದ್ದು ಅರ್ಹನು ಕಚೇರಿಯ ಹೊರಗೆ ನಿಂತಿರುವ ದೃಶ್ಯ ನಮಗೆ ಅಪರಿಚಿತವಲ್ಲ.

ಇದೇ ಸೀಮೆಯ ಮಲೆಯ ಮಾದೇಶ್ವರ ಕಾವ್ಯದೊಡನೆ ಹೋಲಿಸಿದರೆ ಈ ಅಂಶ ಇನ್ನಷ್ಟು ನಿಚ್ಚಳವಾಗುತ್ತದೆ. ಕಂಸಾಳೆಯವರು ಹಾಡುವ ಆ ಕಾವ್ಯದಲ್ಲಿ ಶ್ರವಣನೆಂಬ ದೊರೆ ದೇವತೆಗಳನ್ನೇ ಸೆರೆಯಲ್ಲಿಟ್ಟು ಜೀತ ಮಾಡಿಸುತ್ತಾನೆ. ಮಾದೇಶ್ವರ ಅರಗಿನ ಪಾದರಕ್ಷೆಯ ಉಪಾಯದಿಂದ ಅವನನ್ನು ಕೊನೆಗಾಣಿಸುತ್ತಾನೆ. ಶ್ರವಣನ ರಾಜ್ಯ ದಬ್ಬಾಳಿಕೆಯದು. ಅಲ್ಲಿ ಯಾರೂ ಯಾವ ಭರವಸೆಯನ್ನೂ ಇಟ್ಟಿರಲಿಲ್ಲ, ಆದ್ದರಿಂದ ವಿಶ್ವಾಸಭಂಗವೂ ಇಲ್ಲ. ದಬ್ಬಾಳಿಕೆ ಭಯವನ್ನೂ ದ್ವೇಷವನ್ನೂ ಹುಟ್ಟಿಸುತ್ತದೆ. ಅದರ ಅಂತ್ಯ ಬಿಡುಗಡೆಯ ಸಂಭ್ರಮ. ಕಲ್ಯಾಣದ್ದು ಹಾಗಲ್ಲ. ಅದು ಸಮಾನತೆಯ ಮಾತು ಕೊಟ್ಟ ಸ್ಥಳ. ಕೊಟ್ಟ ಮಾತು ಬಾಗಿಲಲ್ಲೇ ಮುರಿದಾಗ ಹುಟ್ಟುವುದು ಅಪನಂಬಿಕೆ. ಅದರಲ್ಲಿ ಸಂಭ್ರಮವಿಲ್ಲ, ವಿಷಾದವಿದೆ. ಮಂಟೇಸ್ವಾಮಿ ಕಲ್ಯಾಣವನ್ನು ಸುಡುವುದಿಲ್ಲ, ಬಿಟ್ಟು ಹೊರಡುತ್ತಾರೆ. ಪ್ರಜಾಪ್ರಭುತ್ವದ ಸಂಸ್ಥೆಗಳು ಭ್ರಷ್ಟವಾದಾಗ ಜನರಲ್ಲಿ ಕಾಣುವುದು ಬಹುಮಟ್ಟಿಗೆ ಈ ಎರಡನೆಯ ಬಗೆಯ ಪ್ರತಿಕ್ರಿಯೆ: ಬಂಡಾಯಕ್ಕಿಂತ ಹೆಚ್ಚಾಗಿ ಹೊರನಡೆಯುವಿಕೆ.

4

ಹೊರನಡೆಯುವ ಸ್ವಾತಂತ್ರ್ಯ ಜಂಗಮನಿಗಿದೆ. ಸಂಸ್ಥೆಯನ್ನೇ ಆಶ್ರಯಿಸಿದವನಿಗೆ ಇಲ್ಲ. ಆಧುನಿಕ ಕನ್ನಡ ಕಥನದಲ್ಲಿ ಈ ಎರಡನೆಯವನ ಸ್ಥಿತಿಯನ್ನು ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ ಚಿತ್ರಿಸುತ್ತದೆ. 1973ರಲ್ಲಿ ಬಂದ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಈ ಕಥೆಯನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. 1986ರ ಸಾಲಿನ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು. ಪುರಸಭೆಯ ಜವಾನನಾದ ತಬರ ನಿವೃತ್ತಿಯ ನಂತರ ಪಿಂಚಣಿಗಾಗಿ ಅಲೆಯುತ್ತಾನೆ. ಕಾಫಿ ಬೆಳೆಗಾರರಿಂದ ಬರಬೇಕಾಗಿದ್ದ ತೆರಿಗೆಯ ಬಾಕಿ ಅವನ ತಲೆಗೆ ಬಂದಿದೆ. ಹೆಂಡತಿಯ ಕಾಲು ಕೊಳೆಯುತ್ತಿದೆ. ಹಣ ಬರುವ ಹೊತ್ತಿಗೆ ಅದರ ಅಗತ್ಯವೇ ಉಳಿದಿರುವುದಿಲ್ಲ.

ಈ ಕಥೆಯ ತಿರುಳಿರುವುದು ಲಂಚದ ದೃಶ್ಯಗಳಲ್ಲಲ್ಲ. ಪ್ರತಿಯೊಂದು ಮೇಜಿನಲ್ಲಿಯೂ ಒಂದು ನಿಯಮವಿದೆ, ಒಂದು ಕಾಗದ ಕಡಿಮೆಯಿದೆ. ತೆರಿಗೆ ತಪ್ಪಿಸಿದ ಬಲಾಢ್ಯರಿಗೆ ನಿಯಮ ತಾಗುವುದಿಲ್ಲ. ತೆರಿಗೆ ವಸೂಲಿಗೆ ಹೋದ ಬಡವನಿಗೆ ತಾಗುತ್ತದೆ. ಕಲ್ಯಾಣದ ಬಾಗಿಲು ಕಾಯುವವರು ಇಲ್ಲಿ ಗುಮಾಸ್ತರಾಗಿದ್ದಾರೆ. ತಬರನ ದುರಂತದ ಮೂಲ ಅವನ ಬಡತನದಲ್ಲಿ ಇರುವಷ್ಟೇ ಅವನ ನಂಬಿಕೆಯಲ್ಲಿಯೂ ಇದೆ. ‘ಸರ್ಕಾರ’ ಎಂಬುದು ತನ್ನದೆಂದು ನಂಬಿ ಬದುಕಿದವನು ಅವನು. ನಂಬದವನಾಗಿದ್ದರೆ ಬೇರೆ ದಾರಿ ಹುಡುಕುತ್ತಿದ್ದ. ಹಾಗಾಗಿ ಸಂಸ್ಥೆಯ ಭ್ರಷ್ಟತೆಯು ಹೆಚ್ಚು ಘಾಸಿಗೊಳಿಸುವುದು ಹೆಚ್ಚು ನಂಬಿದವನನ್ನು ಎಂಬ ಕಟು ಸತ್ಯವನ್ನು ಈ ಕಥೆ ಹೇಳುತ್ತದೆ.

ಚಾಮರಾಜನಗರಕ್ಕೆ ತಾಗಿಕೊಂಡಿರುವ ನಂಜನಗೂಡು ಸೀಮೆಯ ದೇವನೂರ ಮಹಾದೇವ ಅವರ ‘ಒಡಲಾಳ’ ಇದಕ್ಕೆ ಪೂರಕವೂ ಹೌದು, ಪ್ರತಿಯೂ ಹೌದು. ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಲೇಖಕರ ‘ಒಡಲಾಳ’ದಲ್ಲಿ ಸಾಕವ್ವನ ಕೋಳಿ ಕಳೆದುಹೋಗಿದೆ; ಸಾಹುಕಾರ ಎತ್ತಪ್ಪನ ಕಡಲೆಕಾಯಿಯೂ ಕಳುವಾಗಿದೆ. ಎರಡೂ ಕಳವುಗಳೇ. ಆದರೆ ಪೊಲೀಸರು ಬರುವುದು ಎರಡನೆಯದಕ್ಕೆ, ಅದೂ ಸಾಕವ್ವನ ಗುಡಿಸಲನ್ನು ಶೋಧಿಸಲು. ಇಲ್ಲಿ ರಾಜ್ಯವೆಂಬುದು ಸೇವೆಯ ರೂಪದಲ್ಲಿ ಎಂದೂ ಬಂದಿಲ್ಲ, ಶೋಧನೆಯ ರೂಪದಲ್ಲಿ ಬಂದಿದೆ. ಸಾಕವ್ವನ ಮನೆಯವರು ತಬರನಂತೆ ನಂಬಿ ಕೆಟ್ಟವರಲ್ಲ. ನಂಬುವ ಅವಕಾಶವೇ ಅವರಿಗೆ ದೊರೆತಿಲ್ಲ.

ವಿಶ್ವಾಸದ ಕುಸಿತದ ಬಗೆಗಿನ ನಮ್ಮ ಚರ್ಚೆಗೆ ‘ಒಡಲಾಳ’ ಒಡ್ಡುವ ಆಕ್ಷೇಪ ಗಂಭೀರವಾದದ್ದು. ‘ಮೊದಲು ವಿಶ್ವಾಸವಿತ್ತು, ಭ್ರಷ್ಟತೆಯಿಂದ ಹೋಯಿತು’ ಎಂಬ ನಿರೂಪಣೆ ಯಾರ ಅನುಭವ? ಕಚೇರಿಯ ಒಳಗೆ ಹೋಗಬಲ್ಲವರ ಅನುಭವ. ಊರ ಅಂಚಿನ ಕೇರಿಯಲ್ಲಿ ನಿಂತು ನೋಡಿದರೆ ಹೋಗಲು ವಿಶ್ವಾಸವೇ ಇರಲಿಲ್ಲ. ಮಂಟೇಸ್ವಾಮಿ ಕಾವ್ಯ ತಳಸಮುದಾಯಗಳ ನಡುವೆ ಉಳಿದುಬಂದದ್ದಕ್ಕೂ, ಕಲ್ಯಾಣವನ್ನು ಅದು ಬಾಗಿಲ ಹೊರಗಿನಿಂದ ನೋಡುವುದಕ್ಕೂ ಸಂಬಂಧವಿದೆ.

5

ಈ ಹೊರಗಿನ ದೂರನ್ನು ಕೇಳಿಸಿಕೊಳ್ಳಲೆಂದೇ ಆಧುನಿಕ ರಾಜ್ಯ ಕಟ್ಟಿಕೊಂಡ ಸಂಸ್ಥೆ ಲೋಕಾಯುಕ್ತ. ರಾಮಕೃಷ್ಣ ಹೆಗಡೆಯವರ ಸರ್ಕಾರದ ಅವಧಿಯಲ್ಲಿ 1984ರ ಕಾಯ್ದೆಯ ಮೂಲಕ ರೂಪುಗೊಂಡ ಕರ್ನಾಟಕ ಲೋಕಾಯುಕ್ತ 1986ರಲ್ಲಿ ಕಾರ್ಯಾರಂಭ ಮಾಡಿತು. ಆದರೆ ಜನರ ನೆನಪಿನಲ್ಲಿ ಅದರ ಚರಿತ್ರೆ ಕಾಯ್ದೆಯಿಂದ ಆರಂಭವಾಗುವುದಿಲ್ಲ, ಹೆಸರುಗಳಿಂದ ಆರಂಭವಾಗುತ್ತದೆ. 2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಆಸ್ಪತ್ರೆ, ಕಚೇರಿಗಳಿಗೆ ಮುನ್ಸೂಚನೆಯಿಲ್ಲದೆ ಹೋಗಿ ಎಲ್ಲರೆದುರು ಪ್ರಶ್ನಿಸಿದ ದೃಶ್ಯಗಳು ದೂರದರ್ಶನ ವಾಹಿನಿಗಳ ಮೂಲಕ ಮನೆಮನೆಗೆ ತಲುಪಿದವು. ಅವರ ನಂತರ ಬಂದ ನ್ಯಾಯಮೂರ್ತಿ ಸಂತೋಷ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ತನಿಖೆಯಿಂದ ದೇಶದ ಗಮನ ಸೆಳೆದರು. ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾದ ಅದಿರು ಕಾಣೆಯಾದ ಪ್ರಕರಣದ ಹಿನ್ನೆಲೆಯಲ್ಲಿ 2010ರ ಜೂನ್‌ನಲ್ಲಿ ಅವರು ರಾಜೀನಾಮೆ ನೀಡಿ ಬಳಿಕ ಹಿಂಪಡೆದರು. 2011ರ ಜುಲೈ 27ರಂದು ಸಲ್ಲಿಸಿದ ವರದಿಯಲ್ಲಿ ರಾಜ್ಯಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಲಾಗಿತ್ತು. ನಾಲ್ಕು ದಿನಗಳಲ್ಲಿ, ಜುಲೈ 31ರಂದು, ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ನೀಡಿದರು. ಗಣಿ ಕಂಪನಿಯಿಂದ ಹಣ ಪಡೆದ ಆರೋಪದ ಪ್ರಕರಣದಲ್ಲಿ 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು.

ಈ ಘಟನಾವಳಿಯನ್ನು ಕಥನದ ಕಣ್ಣಿನಿಂದ ನೋಡಿದರೆ ಮಂಟೇಸ್ವಾಮಿ ಕಾವ್ಯದ ಛಾಯೆ ಗೋಚರಿಸುತ್ತದೆ. ದೊಡ್ಡ ಮನೆಗೆ ಅನಿರೀಕ್ಷಿತವಾಗಿ ಬರುವ ಪರೀಕ್ಷಕ, ವೇಷ ಕಳಚಿಬೀಳುವ ಸಮೂಹ, ನೋಡಿ ಸಮಾಧಾನಪಡುವ ಜನ. ಬಾಗಿಲಲ್ಲಿ ತಾವು ಅನುಭವಿಸಿದ ಅವಮಾನಕ್ಕೆ ಯಾರೋ ಒಬ್ಬರು ಉತ್ತರ ಕೇಳುತ್ತಿದ್ದಾರೆ ಎಂಬ ತೃಪ್ತಿ ಸಣ್ಣದಲ್ಲ. ಆದರೆ ಆ ತೃಪ್ತಿಯಲ್ಲಿ ವಿಶ್ವಾಸ ಬೆಳೆದದ್ದು ಯಾರ ಮೇಲೆ? ಕಚೇರಿಯ ಮೇಲಲ್ಲ, ಕಾಯ್ದೆಯ ಮೇಲೂ ಅಲ್ಲ, ಆ ವ್ಯಕ್ತಿಯ ಮೇಲೆ. ದಾಳಿಯ ಸುದ್ದಿ ಮುಖಪುಟಕ್ಕೆ ಬಂತು. ಆ ನಂತರ ಬೇಕಾದ ಅಭಿಯೋಜನೆಯ ಮಂಜೂರಾತಿ, ಇಲಾಖಾ ವಿಚಾರಣೆ, ವರ್ಷಗಟ್ಟಲೆ ಸಾಗುವ ಮೊಕದ್ದಮೆಗಳು ಯಾರ ಕಣ್ಣಿಗೂ ಬೀಳದ ಸರ್ಕಾರಿ ಕಡತಗಳಲ್ಲಿ ಉಳಿದವು.

ವ್ಯಕ್ತಿಯನ್ನು ನಂಬಿದ ವಿಶ್ವಾಸ ಎಷ್ಟು ಬೇಗ ಒಡೆಯುತ್ತದೆ ಎಂಬುದನ್ನು ಮುಂದಿನ ವರ್ಷಗಳು ತೋರಿಸಿದವು. 2015ರಲ್ಲಿ ಲೋಕಾಯುಕ್ತ ಕಚೇರಿಯ ಹೆಸರಿನಲ್ಲಿಯೇ ಅಧಿಕಾರಿಗಳಿಂದ ಹಣ ಸುಲಿಗೆ ನಡೆದ ಆರೋಪ ಕೇಳಿಬಂದು, ವರ್ಷದ ಕೊನೆಗೆ ಅಂದಿನ ಲೋಕಾಯುಕ್ತರು ಹುದ್ದೆ ತೊರೆದರು. ಪರೀಕ್ಷಕನ ಮನೆಯ ಬಾಗಿಲಲ್ಲಿಯೇ ‘ಮಾಮೂಲು’ ಕೇಳಿಸಿತು. 2016ರ ಮಾರ್ಚ್‌ನಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಅದಕ್ಕೆ ವಹಿಸಿತು. ಆ ದಳ ಮುಖ್ಯಮಂತ್ರಿಯ ಅಧೀನದಲ್ಲಿತ್ತು. ಸಂಸ್ಥೆಯೊಂದರ ಕೈ ಕತ್ತರಿಸಿದಾಗ ಬೀದಿಯಲ್ಲಿ ದೊಡ್ಡ ಕೂಗೇಳಲಿಲ್ಲ. ಜನ ನಂಬಿದ್ದ ವ್ಯಕ್ತಿಗಳು ಆ ಹೊತ್ತಿಗೆ ಅಲ್ಲಿರಲಿಲ್ಲ. ಕೊನೆಗೆ 2022ರ ಆಗಸ್ಟ್ 11ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಆ ದಳದ ರಚನೆಯನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಇಲ್ಲಿ ಗಮನಿಸಬೇಕಾದದ್ದು, ಸಂಸ್ಥೆಯನ್ನು ಉಳಿಸಿದ್ದು ಮಹಾಪುರುಷನೊಬ್ಬನ ಆಗಮನವಲ್ಲ. ಅರ್ಜಿ, ವಾದ, ತೀರ್ಪುಗಳೆಂಬ ನೀರಸ ಪ್ರಕ್ರಿಯೆ.

6

ಮೌಖಿಕ ಕಾವ್ಯ ನಮಗೆ ರೋಗದ ಲಕ್ಷಣವನ್ನು ನಿಖರವಾಗಿ ಹೇಳುತ್ತದೆ: ಪಂಕ್ತಿಯಲ್ಲಿ ಅನರ್ಹ, ಬಾಗಿಲಲ್ಲಿ ಅರ್ಹ. ಆದರೆ ಅದು ಸೂಚಿಸುವ ಪರಿಹಾರವನ್ನು, ಎಂದರೆ ಗುರುತಿಸಬಲ್ಲ ಒಬ್ಬ ಬಸವಣ್ಣ, ಪರೀಕ್ಷಿಸಬಲ್ಲ ಒಬ್ಬ ಮಂಟೇಸ್ವಾಮಿ ಎಂಬುದನ್ನು, ಸಾರ್ವಜನಿಕ ಜೀವನಕ್ಕೆ ಯಥಾವತ್ತಾಗಿ ಒಯ್ಯಲಾಗದು. ಕಾವ್ಯದ ಮಟ್ಟಿಗೆ ಇದು ದೋಷವಲ್ಲ. ಅದರ ಲೋಕದಲ್ಲಿ ಗುರು ಬರಲೇಬೇಕು. ದೋಷವಿರುವುದು ಆ ಮಾದರಿಯನ್ನೇ ರಾಜಕೀಯದ ಏಕೈಕ ಆಶೆಯಾಗಿ ಮಾಡಿಕೊಂಡ ನಮ್ಮ ಓದಿನಲ್ಲಿ. ಬಾಗಿಲಿಗೆ ಬಂದವನು ಮಂಟೇಸ್ವಾಮಿಯೇ ಆಗಿದ್ದರೆ ತೆರೆಯಬೇಕಿತ್ತು ಎಂದು ನಾವು ಕಥೆ ಕೇಳಿ ಮರುಗುತ್ತೇವೆ. ಅವನು ಮಂಟೇಸ್ವಾಮಿ ಆಗಿರದಿದ್ದರೆ? ಬರಿಯ ರೋಗಿ, ಬರಿಯ ಹಸಿದವನಾಗಿದ್ದರೆ? ದಾಸೋಹದ ತತ್ವದಂತೆ ಆಗಲೂ ಬಾಗಿಲು ತೆರೆಯಬೇಕಿತ್ತು. ಕಾವ್ಯದೊಳಗೆ ಅಡಗಿರುವ ಈ ಇನ್ನೂ ಕಠಿಣವಾದ ಪ್ರಶ್ನೆಯನ್ನು ಕೇಳಿಕೊಂಡಾಗ ಮಾತ್ರ ಅದು ಪ್ರಜಾಪ್ರಭುತ್ವದ ಪಠ್ಯವಾಗುತ್ತದೆ.

ಅಂಥ ಪ್ರಶ್ನೆಗೆ ಉತ್ತರವಾಗಿ ಕೆಲವು ಸಾಧನಗಳು ಈಗಾಗಲೇ ಇವೆ. ಪಹಣಿಯನ್ನು ಕೈಬರಹದ ಪುಸ್ತಕದಿಂದ ಗಣಕಕ್ಕೆ ತಂದ ‘ಭೂಮಿ’ ಯೋಜನೆ, 2005ರ ಮಾಹಿತಿ ಹಕ್ಕು ಕಾಯ್ದೆ, ಸೇವೆಗೆ ದಿನದ ಮಿತಿ ಹಾಕಿ 2012ರ ಏಪ್ರಿಲ್‌ನಲ್ಲಿ ರಾಜ್ಯಾದ್ಯಂತ ಜಾರಿಗೆ ಬಂದ ‘ಸಕಾಲ’, ಇವುಗಳ ಸಮಾನ ಗುಣವೆಂದರೆ ಅರ್ಜಿದಾರನ ಮುಖ ನೋಡದಿರುವುದು. ಕೈಗೆ ಕೊಡುವ ಸ್ವೀಕೃತಿ ಸಂಖ್ಯೆಗೆ ಜಾತಿಯಿಲ್ಲ, ಪಕ್ಷವಿಲ್ಲ. ತಬರನ ಕೈಯಲ್ಲಿ ಇಲ್ಲದಿದ್ದದ್ದು ಇದೇ. ಈ ಸಾಧನಗಳಿಂದ ಲಂಚ ನಿಂತಿದೆ ಎಂದಲ್ಲ. ಗಣಕದ ಹಿಂದೆಯೂ ಮನುಷ್ಯನೇ ಕುಳಿತಿರುತ್ತಾನೆ, ಕಚೇರಿಯ ಹೊರಗೆ ಮಧ್ಯವರ್ತಿಯೂ ನಿಂತಿರುತ್ತಾನೆ. ಆದರೂ ವಿಳಂಬವಾದರೆ ಯಾವ ದಿನದಿಂದ ವಿಳಂಬ ಎಂದು ತೋರಿಸುವ ಕಾಗದವೊಂದು ಪ್ರಜೆಯ ಕೈಗೆ ಬಂದಿದೆ.

ವಿಶ್ವಾಸವೆಂಬುದು ಉಪದೇಶದಿಂದ ಬರುವಂಥದಲ್ಲ, ಪುನರಾವರ್ತನೆಯಿಂದ ಬರುವಂಥದು. ಕೆಟ್ಟದ್ದು ಪುನರಾವರ್ತನೆಯಾಗಿ ‘ಮಾಮೂಲು’ ಆದಂತೆ, ನ್ಯಾಯವಾದದ್ದೂ ಪುನರಾವರ್ತನೆಯಾಗಿ ಮಾಮೂಲಾಗಬೇಕು. ಭೀಮನಬೀಡಿನಿಂದ ಗುಂಡ್ಲುಪೇಟೆಗೆ ಹೋದ ರೈತ ಯಾರ ಶಿಫಾರಸೂ ಇಲ್ಲದೆ, ಯಾವ ಪುಣ್ಯಾತ್ಮನ ದಯೆಯೂ ಇಲ್ಲದೆ ಕೆಲಸ ಮುಗಿಸಿಕೊಂಡು ಸಂಜೆಯೊಳಗೆ ಊರಿಗೆ ಮರಳುವುದು, ಮರಳಿದ ಮೇಲೆ ಅದರಲ್ಲಿ ಹೇಳುವಂಥ ವಿಶೇಷವೇನೂ ಅವನಿಗೆ ಕಾಣದಿರುವುದು ಸಂಸ್ಥೆ ಗಟ್ಟಿಯಾಗಿದೆ ಎಂಬುದರ ಸರಿಯಾದ ಲಕ್ಷಣ. ಅಂಥ ದಿನದ ಬಗ್ಗೆ ಯಾರೂ ಕಾವ್ಯ ಕಟ್ಟುವುದಿಲ್ಲ. ಕಾವ್ಯ ಕಟ್ಟಿದ್ದು ಬಾಗಿಲು ಮುಚ್ಚಿದ ದಿನದ ಬಗ್ಗೆ. ಆ ನೆನಪನ್ನು ನೀಲಗಾರರು ಇಷ್ಟು ಕಾಲ ಕಾಪಾಡಿಕೊಂಡು ಬಂದಿರುವುದು ಆಡಳಿತದ ಅಧ್ಯಯನಕ್ಕೂ ಸಾಹಿತ್ಯದ ಅಧ್ಯಯನಕ್ಕೂ ಸಮಾನವಾಗಿ ಬೇಕಾದ ದಾಖಲೆ. ಈ ದಾಖಲೆಯನ್ನು ಭಕ್ತಿಕಾವ್ಯವೆಂದೋ ಪ್ರತಿರೋಧವೆಂದೋ ಮಾತ್ರ ವರ್ಗೀಕರಿಸದೆ, ಸಾರ್ವಜನಿಕ ಸಂಸ್ಥೆಗಳ ಕುರಿತ ಕನ್ನಡದ ಚಿಂತನೆಯಾಗಿಯೂ ಓದುವ ಕೆಲಸ ಇನ್ನು ನಡೆಯಬೇಕಾಗಿದೆ.